575 ವಾಟೋ, 300 ವಾಟೋ: ಕಾಸರಗೋಡಿನ ಸೆಕೆಗೆ ಯಾವ ಗ್ರಾಫಿಕ್ಸ್ ಕಾರ್ಡು?

ಎಪ್ರಿಲ್ ತಿಂಗಳಲ್ಲಿ ರಾತ್ರಿ ಒಂಬತ್ತು ಗಂಟೆಗೂ ಬದಿಯಡ್ಕದ ನಮ್ಮ ಮನೆಯ ಮಾಳಿಗೆ ಕೋಣೆಯಲ್ಲಿ 32 ಡಿಗ್ರಿ ಇರುತ್ತದೆ. ಹಗಲಿಡೀ ಕಾದ ಮುರಕಲ್ಲಿನ ಗೋಡೆ ರಾತ್ರಿ ನಿಧಾನವಾಗಿ ಬಿಸಿ ಬಿಡುತ್ತದೆ. ಫ್ಯಾನು ಐದರಲ್ಲಿ ತಿರುಗುತ್ತಿದ್ದರೂ ಬೆವರು ಆರುವುದಿಲ್ಲ. ಕಂಪ್ಯೂಟರು ಇರುವುದೂ ಅದೇ ಕೋಣೆಯಲ್ಲಿ.

ಈಗೀಗ ನನ್ನ ಹತ್ತಿರ ಗ್ರಾಫಿಕ್ಸ್ ಕಾರ್ಡಿನ (ಕಂಪ್ಯೂಟರಿನಲ್ಲಿ ಆಟ, ವಿಡಿಯೋದ ಚಿತ್ರ ಮೂಡಿಸುವ ಭಾಗದ) ಬಗ್ಗೆ ಕೇಳುವವರು ಜಾಸ್ತಿಯಾಗಿದ್ದಾರೆ. ಪೆರ್ಲದಿಂದ ಅತ್ತೆಯ ಮಗ, ಕುಂಬಳೆಯ ಗೆಳೆಯ, ಉಪ್ಪಳದಲ್ಲಿ ಮದುವೆ ವಿಡಿಯೋ ಎಡಿಟಿಂಗ್ ಮಾಡುವ ಹುಡುಗ. ಎಲ್ಲರದ್ದೂ ಒಂದೇ ಪ್ರಶ್ನೆ: ದುಡ್ಡು ಕೂಡಿಸಿದ್ದೇನೆ, ದೊಡ್ಡದರಲ್ಲಿ ಯಾವುದು ತೆಗೆದುಕೊಳ್ಳಲಿ? ನಾನು ತಿರುಗಿ ಕೇಳುವುದು ಬೇರೆ. ಕೋಣೆ ಎಷ್ಟು ದೊಡ್ಡದು? ಏಸಿ ಇದೆಯಾ? ಎರಡು ತಿಂಗಳಿಗೆ ಎಷ್ಟು ಯೂನಿಟ್ ಕರೆಂಟು ಹೋಗುತ್ತದೆ? ಅರ್ತಿಂಗ್ ಸರಿ ಇದೆಯಾ? ಇದಕ್ಕೆಲ್ಲ ಉತ್ತರ ಸಿಕ್ಕಿದ ಮೇಲೆ ಕಾರ್ಡು ಆರಿಸುವುದು ಅರ್ಧ ಮುಗಿದ ಹಾಗೆಯೇ. ನಮ್ಮ ಊರಿನಲ್ಲಿ ಸೆಕೆಂಡಿಗೆ ಎಷ್ಟು ಫ್ರೇಮು (ಪರದೆಯ ಮೇಲಿನ ಚಿತ್ರ) ಬರುತ್ತದೆ ಅನ್ನುವುದಕ್ಕಿಂತ ಎಷ್ಟು ವಾಟು ಎಳೆಯುತ್ತದೆ, ಆ ಬಿಸಿ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಮೊದಲು ನೋಡಬೇಕು. ನನ್ನ ಗಟ್ಟಿ ಅಭಿಪ್ರಾಯ ಅದು.

ಎದುರಿಗಿರುವ ಕಾರ್ಡುಗಳು

ಎನ್ವಿಡಿಯಾದ ಆರ್‌ಟಿಎಕ್ಸ್ 5090 ಮತ್ತು 5080 ಬಂದದ್ದು 2025ರ ಜನವರಿ 30ಕ್ಕೆ. 5070 ಟಿಐ ಫೆಬ್ರವರಿ 20ಕ್ಕೆ. ಎಎಂಡಿಯ ಆರ್‌ಎಕ್ಸ್ 9070 ಎಕ್ಸ್‌ಟಿ ಮತ್ತು 9070 ಎರಡೂ ಮಾರ್ಚ್ 6ಕ್ಕೆ. ಈ ಐದನ್ನೇ ಹೋಲಿಸುತ್ತೇನೆ.

5090ಕ್ಕೆ 32 ಜಿಬಿ ಮೆಮೊರಿ, 575 ವಾಟು. 5080ಕ್ಕೆ 16 ಜಿಬಿ, 360 ವಾಟು. 5070 ಟಿಐಗೆ ಅದೇ 16 ಜಿಬಿ, 300 ವಾಟು. 9070 ಎಕ್ಸ್‌ಟಿಗೆ 16 ಜಿಬಿ, 304 ವಾಟು. 9070ಕ್ಕೂ 16 ಜಿಬಿ, ಆದರೆ 220 ವಾಟು ಮಾತ್ರ. ಬಿಡುಗಡೆಯ ಹೊತ್ತಿಗೆ ಎನ್ವಿಡಿಯಾ ಭಾರತಕ್ಕೆ ಹೇಳಿದ ಆರಂಭದ ಬೆಲೆ 5090ಕ್ಕೆ 2,14,000, 5080ಕ್ಕೆ 1,07,000, 5070 ಟಿಐಗೆ 80,000 ರೂಪಾಯಿ. ಅಂಗಡಿಯ ಬೆಲೆ ಏರುತ್ತಾ ಇಳಿಯುತ್ತಾ ಇರುತ್ತದೆ, ಕೊಳ್ಳುವ ದಿನ ಕೇಳಿಯೇ ತಿಳಿಯಬೇಕು.

5080 ಮತ್ತು 5070 ಟಿಐ ಎರಡರಲ್ಲೂ ಇರುವುದು ಒಂದೇ ಚಿಪ್ಪು. ಟಿಐಯಲ್ಲಿ ಅದರ ಸ್ವಲ್ಪ ಭಾಗ ಮುಚ್ಚಿಟ್ಟಿದ್ದಾರೆ. 5080ರಲ್ಲಿ 10,752 ಕೋರುಗಳಿದ್ದರೆ ಟಿಐಯಲ್ಲಿ 8,960. ಆಟದಲ್ಲಿ ಕಾಣುವ ವ್ಯತ್ಯಾಸ ಸುಮಾರು ಶೇಕಡಾ 15 ಅಷ್ಟೇ. 5090 ಬೇರೆಯೇ ಗಾತ್ರದ ಚಿಪ್ಪು. 4ಕೆ ಪರದೆಯಲ್ಲಿ 5080ಗಿಂತ ಹತ್ತಿರ ಹತ್ತಿರ ಒಂದೂವರೆ ಪಟ್ಟು ವೇಗ ಕೊಡುತ್ತದೆ. 9070 ಎಕ್ಸ್‌ಟಿ ಸಾಮಾನ್ಯ ಆಟಗಳಲ್ಲಿ 5070 ಟಿಐಯ ಪಕ್ಕದಲ್ಲೇ ನಿಲ್ಲುತ್ತದೆ. ರೇ ಟ್ರೇಸಿಂಗ್ (ಬೆಳಕು, ನೆರಳನ್ನು ನಿಜದ ಹಾಗೆ ಲೆಕ್ಕ ಹಾಕಿ ತೋರಿಸುವುದು) ಜೋರಾಗಿ ಹಾಕಿದಾಗ ಹಿಂದೆ ಬೀಳುತ್ತದೆ.

ಹಳೆಯ 4090 ಸೆಕೆಂಡ್ ಹ್ಯಾಂಡಿನಲ್ಲಿ ಸಿಗುತ್ತದೆ ಎಂದು ಕೆಲವರು ಆಸೆಪಡುತ್ತಾರೆ. 2022ರ ಅಕ್ಟೋಬರಿನ ಕಾರ್ಡು ಅದು, 24 ಜಿಬಿ, 450 ವಾಟು. ಅದರ ಕರೆಂಟಿನ ಕನೆಕ್ಟರು ಕರಗಿದ ಪ್ರಕರಣಗಳು ಬಂದಿದ್ದವು. ಕೊಳ್ಳುವುದೇ ಆದರೆ ಕನೆಕ್ಟರನ್ನು ಟಾರ್ಚು ಹಾಕಿ ನೋಡದೆ ದುಡ್ಡು ಕೊಡಬೇಡಿ.

ಕೂಲರು ಬಿಸಿಯನ್ನು ಕಡಿಮೆ ಮಾಡುವುದಿಲ್ಲ

ಇದೊಂದು ಮಾತು ಎಷ್ಟು ಸಲ ಹೇಳಿದರೂ ಸಾಲದು. ಕಾರ್ಡು ಎಳೆದ ಕರೆಂಟು ಪೂರ್ತಿ ಬಿಸಿಯಾಗಿಯೇ ಹೊರಗೆ ಬರುತ್ತದೆ. ಮೂರು ಫ್ಯಾನಿನ ಕೂಲರು ಇರಲಿ, ನೀರಿನ ಕೂಲರು ಇರಲಿ, 360 ವಾಟು ಎಳೆದರೆ 360 ವಾಟು ಬಿಸಿ ನಿಮ್ಮ ಕೋಣೆಗೇ ಬೀಳುತ್ತದೆ. ಒಳ್ಳೆಯ ಕೂಲರು ಮಾಡುವ ಕೆಲಸ ಒಂದೇ, ಚಿಪ್ಪಿನಿಂದ ಆ ಬಿಸಿಯನ್ನು ಬೇಗ, ಸದ್ದಿಲ್ಲದೆ ಹೊರಗೆ ತಳ್ಳುವುದು. ಚಿಪ್ಪು ತಣ್ಣಗಾಗುತ್ತದೆ, ನೀವು ಬೆವರುತ್ತೀರಿ.

ಒಬ್ಬ ಮನುಷ್ಯ ಸುಮ್ನೆ ಕೂತಿದ್ದರೆ ಅವನ ಮೈಯಿಂದ ಸುಮಾರು 100 ವಾಟು ಬಿಸಿ ಹೊರಗೆ ಬರುತ್ತದೆ. ಅಂದರೆ 5090 ಹಾಕಿ ಆಟ ಶುರು ಮಾಡಿದರೆ ಕೋಣೆಯಲ್ಲಿ ನಿಮ್ಮ ಜೊತೆ ಇನ್ನೂ ಐದಾರು ಜನ ಬಂದು ಕೂತ ಹಾಗೆ. ಬಾಗಿಲು ಹಾಕಿದ ಹತ್ತಡಿ ಹನ್ನೆರಡಡಿ ಕೋಣೆ, ಮೇ ತಿಂಗಳು, ಹೊರಗೆ ಗಾಳಿ ಅಲ್ಲಾಡುವುದಿಲ್ಲ. ಊಹಿಸಿಕೊಳ್ಳಿ.

ಏಸಿ ಇದ್ದರೆ ತೊಂದರೆ ಇಲ್ಲ, ಆದರೆ ಲೆಕ್ಕ ಇದೆ. ಒಂದು ಟನ್ನಿನ ಏಸಿ ಹೊರಗೆ ಹಾಕಬಲ್ಲ ಬಿಸಿ ಸುಮಾರು 3,500 ವಾಟು. 5090 ಇರುವ ಕಂಪ್ಯೂಟರು ಪ್ರೊಸೆಸರು ಸೇರಿ 750–800 ವಾಟು ಬಿಸಿ ಬಿಟ್ಟರೆ ಏಸಿಯ ಶಕ್ತಿಯಲ್ಲಿ ಐದನೇ ಒಂದು ಪಾಲಿಗಿಂತ ಜಾಸ್ತಿ ಅದಕ್ಕೇ ಹೋಯಿತು. ಬಿಸಿಲಿಗೆ ಕಾದ ಮಾಳಿಗೆ ಕೋಣೆಯಲ್ಲಿ ಒಂದು ಟನ್ನು ಮೊದಲೇ ಕಷ್ಟಪಡುತ್ತಿರುತ್ತದೆ.

ಹಾಗಾಗಿ ಏಸಿ ಇಲ್ಲದ ಕೋಣೆಗೆ 5090 ನಾನು ಯಾರಿಗೂ ಹೇಳುವುದಿಲ್ಲ. ದುಡ್ಡಿದ್ದವರಿಗೂ ಹೇಳುವುದಿಲ್ಲ.

22 ಡಿಗ್ರಿಯ ಪರೀಕ್ಷೆಯನ್ನು ನಮ್ಮೂರಿಗೆ ತರುವುದು

ವಿಮರ್ಶೆಗಳಲ್ಲಿ "ಕಾರ್ಡು 65 ಡಿಗ್ರಿ" ಎಂದು ಹೇಳುತ್ತಾರಲ್ಲ, ಅಂಥ ಪರೀಕ್ಷೆ ಸಾಮಾನ್ಯವಾಗಿ ನಡೆಯುವುದು 20–23 ಡಿಗ್ರಿಯ ಕೋಣೆಯಲ್ಲಿ. ಅದರಿಂದ ಕೋಣೆಯ ಬಿಸಿಯನ್ನು ಕಳೆಯಬೇಕು. 65ರಿಂದ 22 ಕಳೆದರೆ 43. ಅದು ಆ ಕೂಲರಿನ ನಿಜವಾದ ಅಂಕೆ. ನಮ್ಮ ಎಪ್ರಿಲಿನ 33 ಡಿಗ್ರಿಗೆ ಅದನ್ನು ಕೂಡಿಸಿದರೆ 76. ಅದೂ ಫ್ಯಾನು ಅಷ್ಟೇ ವೇಗದಲ್ಲಿ ತಿರುಗಿದರೆ. ನಿಜದಲ್ಲಿ ಕಾರ್ಡು ಬಿಸಿಯಾಗುತ್ತಿದ್ದ ಹಾಗೆ ಫ್ಯಾನು ವೇಗ ಹೆಚ್ಚಿಸಿಕೊಳ್ಳುತ್ತದೆ, ಆಗ ಕಾರ್ಡು 72–73ಕ್ಕೆ ನಿಲ್ಲಬಹುದು, ಸದ್ದು ಏರುತ್ತದೆ. ವಿಮರ್ಶೆಯಲ್ಲಿ ಮೌನವಾಗಿದ್ದ ಕಾರ್ಡು ನಮ್ಮಲ್ಲಿ ಮೌನವಾಗಿರುವುದಿಲ್ಲ.

ಎನ್ವಿಡಿಯಾ ಹೇಳುವ ಗರಿಷ್ಠ ಮಿತಿ 5090ಕ್ಕೆ 90 ಡಿಗ್ರಿ, 5080ಕ್ಕೆ 88. ಹತ್ತಿರ ಬಂದಾಗ ಕಾರ್ಡು ತಾನಾಗಿಯೇ ವೇಗ ಇಳಿಸುತ್ತದೆ. ಕೆಡುವುದಿಲ್ಲ, ಆದರೆ ಕೊಟ್ಟ ದುಡ್ಡಿನ ಒಂದಷ್ಟು ಭಾಗ ಅಲ್ಲಿ ಸೋರಿಹೋಗುತ್ತದೆ.

ಇದನ್ನು ನಾನು ಕಲಿತದ್ದು ನಷ್ಟ ಮಾಡಿಕೊಂಡೇ. ಕೆಲವು ವರ್ಷದ ಹಿಂದೆ 320 ವಾಟಿನ ಒಂದು ಕಾರ್ಡು ಕೊಂಡಿದ್ದೆ. ಎನ್ವಿಡಿಯಾ, ಎಎಂಡಿಯ ಚಿಪ್ಪಿಗೆ ಏಸಸ್, ಸಫೈರ್‌ನಂಥ ಕಂಪನಿಗಳು ತಮ್ಮ ತಮ್ಮ ಕೂಲರು ಹಾಕಿ ಮಾರುತ್ತವೆ. ನನ್ನದು ಅದೇ ಚಿಪ್ಪಿನ ಮಾದರಿಗಳಲ್ಲಿ ಕಡಿಮೆ ಬೆಲೆಯದ್ದು, ಸಣ್ಣ ಕೂಲರಿನದ್ದು. ಕ್ಯಾಬಿನೆಟ್ಟಿನ ಮುಂದೆ ಪೂರ್ತಿ ಗಾಜು, ಗಾಳಿ ಬರಲು ಪಕ್ಕದಲ್ಲಿ ಎರಡು ಬೆರಳು ಜಾಗ. ಜನವರಿಯಲ್ಲಿ ಎಲ್ಲ ಸರಿ ಇತ್ತು. ಮಾರ್ಚ್ ಬರುವಷ್ಟರಲ್ಲಿ ಅದು ಮಿಕ್ಸಿಯ ಹಾಗೆ ಸದ್ದು ಮಾಡತೊಡಗಿತು, ಆಟ ತಡವರಿಸತೊಡಗಿತು. ಕೊನೆಗೆ ಪಕ್ಕದ ಬಾಗಿಲು ತೆಗೆದಿಟ್ಟು ಟೇಬಲ್ ಫ್ಯಾನು ಹಚ್ಚಿ ಆಡಿದೆ. ಎರಡು ಬೇಸಿಗೆ ಹಾಗೆಯೇ ಕಳೆಯಿತು.

ಹಾಗಾಗಿ ಒಂದೇ ಚಿಪ್ಪಿನ ಬೇರೆ ಬೇರೆ ಮಾದರಿಗಳ ನಡುವೆ ಆರಿಸುವಾಗ ನಾನು ನೋಡುವುದು ಹೀಗೆ. 220 ವಾಟಿಗೆ ಎರಡು ಫ್ಯಾನಿನ ಕಾರ್ಡು ಸಾಕು. 300 ವಾಟು ಆದರೆ ಮೂರು ಫ್ಯಾನು ಬೇಕೇ ಬೇಕು, ದಪ್ಪವೂ ಎರಡೂವರೆ ಸ್ಲಾಟಿಗಿಂತ (ಸ್ಲಾಟು ಅಂದರೆ ಕ್ಯಾಬಿನೆಟ್ಟಿನಲ್ಲಿ ಒಂದು ತೆಳು ಕಾರ್ಡು ಕೂರುವ ಜಾಗ) ಕಡಿಮೆ ಇರಬಾರದು. 360ಕ್ಕೆ ಮೂರು ಸ್ಲಾಟು ದಪ್ಪದ್ದೇ ಆಗಬೇಕು. ಫ್ಯಾನಿನ ಸಂಖ್ಯೆಗಿಂತಲೂ ಒಳಗಿನ ತಗಡಿನ ಎಲೆಗಳ ಒಟ್ಟು ಹರವು ಮುಖ್ಯ. ಅದು ದೊಡ್ಡದಿದ್ದಷ್ಟೂ ಫ್ಯಾನು ನಿಧಾನ ತಿರುಗಿದರೂ ಬಿಸಿ ಹೊರಗೆ ಹೋಗುತ್ತದೆ. ದೊಡ್ಡ ಕಾರ್ಡುಗಳಲ್ಲಿ ಚಿಪ್ಪಿನ ಮೇಲೆ ವೇಪರ್ ಚೇಂಬರ್ ಇರುತ್ತದೆ. ಮುಚ್ಚಿದ ತಾಮ್ರದ ತಟ್ಟೆ, ಒಳಗೆ ಚೂರು ದ್ರವ. ಬಿಸಿಯಾದಲ್ಲಿ ಅದು ಆವಿಯಾಗಿ ಹರಡಿ, ತಣ್ಣಗಿದ್ದಲ್ಲಿ ಮತ್ತೆ ದ್ರವವಾಗಿ ಹಿಂದೆ ಬರುತ್ತದೆ. ದೋಸೆ ಕಾವಲಿಯ ನಡುವೆ ಮಾತ್ರ ಉರಿ ತಾಗುವುದಕ್ಕೂ ಅಂಚಿನವರೆಗೆ ಒಂದೇ ಸಮ ಕಾಯುವುದಕ್ಕೂ ಎಷ್ಟು ವ್ಯತ್ಯಾಸವೋ ಅಷ್ಟು ವ್ಯತ್ಯಾಸ ಇದು ಮಾಡುತ್ತದೆ.

ಚಿಪ್ಪಿಗೂ ಕೂಲರಿಗೂ ನಡುವೆ ಏನು ಹಚ್ಚಿದ್ದಾರೆ ಅನ್ನುವುದನ್ನೂ ಕೇಳಿ. ಸಾಮಾನ್ಯ ಪೇಸ್ಟು ದಿನಾ ಬಿಸಿಯಾಗಿ ತಣ್ಣಗಾಗಿ ಎರಡು ಮೂರು ವರ್ಷದಲ್ಲಿ ಅಂಚಿಗೆ ಜಾರುತ್ತದೆ. ಫೇಸ್ ಚೇಂಜ್ ಪ್ಯಾಡು (ತಣ್ಣಗಿದ್ದಾಗ ಗಟ್ಟಿ, ಬಿಸಿಯಾದಾಗ ಮೆತ್ತಗಾಗುವ ಹಾಳೆ) ಹಾಗೆ ಜಾರುವುದಿಲ್ಲ. ಏಸಸ್ ಇದನ್ನು 50 ಸರಣಿಯ (5090, 5080ರಂಥ) ದೊಡ್ಡ ಕಾರ್ಡುಗಳಲ್ಲಿ ಹಾಕುತ್ತದೆ, ಸಫೈರ್ ತನ್ನ ನೈಟ್ರೋ ಪ್ಲಸ್ 9070 ಎಕ್ಸ್‌ಟಿಯಲ್ಲಿ. ನಮ್ಮ ಸೆಕೆಗೆ ಇದು ನಿಜವಾಗಿ ಉಪಯೋಗಕ್ಕೆ ಬರುವ ಸಂಗತಿ. ಮೈಮೇಲಿನ ಬಣ್ಣದ ದೀಪ ಅಲ್ಲ.

ಎನ್ವಿಡಿಯಾವೇ ಮಾಡುವ 5090 ಫೌಂಡರ್ಸ್ ಎಡಿಷನ್ ನೋಡಲು ಬಹಳ ಚೆಂದ. 575 ವಾಟನ್ನು ಎರಡೇ ಸ್ಲಾಟಿನ, 40 ಮಿಲಿಮೀಟರ್ ದಪ್ಪದ ಮೈಯಲ್ಲಿ ಹಿಡಿಸಿದ್ದಾರೆ. ನಡುವಿನ ಬೋರ್ಡನ್ನು ಚಿಕ್ಕದು ಮಾಡಿ ಎರಡೂ ಬದಿಯಲ್ಲಿ ಗಾಳಿ ಆರಪಾರ ಹೋಗುವ ಹಾಗೆ ಬಿಟ್ಟಿದ್ದಾರೆ. ಚಿಪ್ಪಿನ ಮೇಲೆ ಪೇಸ್ಟಿನ ಬದಲು ಲಿಕ್ವಿಡ್ ಮೆಟಲ್ (ದ್ರವ ಲೋಹ). ಆ ಕೆಲಸಕ್ಕೆ ತಲೆಬಾಗಲೇಬೇಕು. ಆದರೆ ಅಷ್ಟು ತೆಳ್ಳಗಿನ ಮೈಗೆ ತಣ್ಣಗಿನ ಗಾಳಿ ಬೇಕು, ಅದು ನಮ್ಮಲ್ಲಿ ಇಲ್ಲ. ಆರಪಾರ ಬಂದ ಬಿಸಿ ಗಾಳಿ ನೇರ ಪ್ರೊಸೆಸರಿನ ಕೂಲರಿಗೆ ಹೊಡೆಯುತ್ತದೆ ಅನ್ನುವುದೂ ಇದೆ. ಇನ್ನೊಂದು ತುದಿಯಲ್ಲಿ ಏಸಸ್ ಆಸ್ಟ್ರಲ್, ನಾಲ್ಕು ಫ್ಯಾನು, 357 ಮಿಲಿಮೀಟರ್ ಉದ್ದ, 3.8 ಸ್ಲಾಟು ದಪ್ಪ. ಕ್ಯಾಬಿನೆಟ್ಟನ್ನು ಟೇಪು ಹಿಡಿದು ಅಳೆಯದೆ ಇಂಥದ್ದಕ್ಕೆ ಆರ್ಡರ್ ಕೊಡಬಾರದು. ಕೆಳಗೆ ಊರುಗೋಲೂ ಬೇಕು, ಇಲ್ಲದಿದ್ದರೆ ತೂಕಕ್ಕೆ ಬಾಗುತ್ತದೆ.

ನೀರಿನ ಕೂಲರಿನ ಕಾರ್ಡು ಬೇಡ ಅನ್ನುತ್ತೇನೆ. ಕೋಣೆ 33 ಡಿಗ್ರಿ ಇದ್ದರೆ ನೀರೂ ಅದಕ್ಕಿಂತ ತಣ್ಣಗಾಗುವುದಿಲ್ಲ. ಪಂಪು ಕೆಟ್ಟರೆ ಪೂರ್ತಿ ಕಾರ್ಡನ್ನೇ ರಿಪೇರಿಗೆ ದೂರದ ಊರಿಗೆ ಕಳಿಸಬೇಕು.

ಸದ್ದಿನ ಬಗ್ಗೆ ಒಂದು ಮಾತು. ಜೂನಿನಿಂದ ಹಂಚಿನ ಮೇಲೆ ಮಳೆ ಸುರಿಯುವಾಗ ಯಾವ ಕಾರ್ಡಿನ ಸದ್ದೂ ಕೇಳಿಸುವುದಿಲ್ಲ. ಡಿಸೆಂಬರಿನ ರಾತ್ರಿ ಅದೇ ಕಾರ್ಡು ಕಿರ್ ಅನ್ನುವುದು ಪಕ್ಕದ ಕೋಣೆಗೂ ಕೇಳುತ್ತದೆ. ಆ ಸಣ್ಣ ಕಿರ್ ಸದ್ದು ಫ್ಯಾನಿನದ್ದಲ್ಲ, ಬೋರ್ಡಿನ ಕಾಯಿಲ್‌ಗಳದ್ದು. ಫ್ರೇಮಿಗೆ ಮಿತಿ ಹಾಕಿದರೆ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ.

ಕನೆಕ್ಟರು: ಇಲ್ಲಿ ಸ್ವಲ್ಪ ನಿಲ್ಲೋಣ

ಕರೆಂಟು ಕಾರ್ಡಿಗೆ ಹೋಗುವ ದಾರಿಯಲ್ಲೇ ಈ ಐದು ಕಾರ್ಡುಗಳ ನಿಜವಾದ ವ್ಯತ್ಯಾಸ ಕಾಣುತ್ತದೆ.

ಹಳೆಯ ಎಂಟು ಪಿನ್ನಿನ ಕನೆಕ್ಟರಿಗೆ 150 ವಾಟು ಲೆಕ್ಕ. 12 ವೋಲ್ಟಿನಲ್ಲಿ ಅದು 12.5 ಆಂಪಿಯರ್. ಮೂರು ಪಿನ್ನುಗಳಲ್ಲಿ ಹಂಚಿದರೆ ಒಂದಕ್ಕೆ 4.2 ಆಂಪಿಯರ್. ಪಿನ್ನಿಗೆ ಅದರ ಎರಡು ಪಟ್ಟು ತಡೆಯುವ ತಾಕತ್ತು ಇರುತ್ತದೆ. ಹಾಗಾಗಿ ಒಂದು ಪಿನ್ನು ಸ್ವಲ್ಪ ಸಡಿಲ ಇದ್ದರೂ ನಡೆದುಹೋಗುತ್ತಿತ್ತು.

ಹೊಸ ಹದಿನಾರು ಪಿನ್ನಿನ ಕನೆಕ್ಟರು 600 ವಾಟಿನದ್ದು. ಕರೆಂಟು ತರುವುದು ಆರು ಪಿನ್ನು. ಒಂದೊಂದಕ್ಕೆ 9.5 ಆಂಪಿಯರ್ ಮಿತಿ. 5090 ತನ್ನ 575 ವಾಟನ್ನೂ ಇದರಿಂದಲೇ ಎಳೆದರೆ ಪಿನ್ನಿಗೆ 8 ಆಂಪಿಯರ್ ಬರುತ್ತದೆ. ಉಳಿದ ಅಂತರ ಎಷ್ಟು ಸಣ್ಣದು ನೋಡಿ. ಆರರಲ್ಲಿ ಒಂದೆರಡು ಪಿನ್ನು ಸರಿಯಾಗಿ ತಾಗದಿದ್ದರೆ ಅವುಗಳ ಪಾಲು ಉಳಿದವುಗಳ ಮೇಲೆ ಬೀಳುತ್ತದೆ. 5090ರಲ್ಲಿ ಆರೂ ತಂತಿಗಳು ಒಳಗೆ ಒಂದೇ ದಾರಿಗೆ ಸೇರುವುದರಿಂದ ಯಾವುದರಲ್ಲಿ ಜಾಸ್ತಿ ಹೋಗುತ್ತಿದೆ ಎಂದು ಹಂಚಿ ಸರಿಮಾಡುವ ಏರ್ಪಾಡು ಇಲ್ಲ.

ಈಗ 5080 ನೋಡಿ. 360 ವಾಟು ಅಂದರೆ 30 ಆಂಪಿಯರ್, ಪಿನ್ನಿಗೆ 5. 5070 ಟಿಐಯ 300 ವಾಟಿಗೆ ಪಿನ್ನಿಗೆ 4.2 ಆಂಪಿಯರ್. ಹಳೆಯ ಎಂಟು ಪಿನ್ನಿನದ್ದೇ ಅಂಕೆ! ಪಿನ್ನಿನ ತುದಿಯಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗದ ಲೆಕ್ಕದಲ್ಲಿ ಏರುತ್ತದೆ. 5ರಿಂದ 8 ಆಂಪಿಯರಿಗೆ ಹೋದರೆ ಬಿಸಿ ಎರಡೂವರೆ ಪಟ್ಟು. ಒಂದೇ ಕನೆಕ್ಟರು ಇದ್ದರೂ 5090ರಲ್ಲಿ ಅಂಚಿನಲ್ಲಿ ನಡೆಯುತ್ತದೆ, 5070 ಟಿಐಯಲ್ಲಿ ನಿಶ್ಚಿಂತೆಯಿಂದ ಇರುತ್ತದೆ. 9070 ಎಕ್ಸ್‌ಟಿಯ ಹೆಚ್ಚಿನ ಮಾದರಿಗಳಲ್ಲಿ ಎಂಟು ಪಿನ್ನಿನದ್ದೇ ಎರಡು ಅಥವಾ ಮೂರು ಇವೆ, ಕೆಲವು ದುಬಾರಿ ಮಾದರಿಗಳಲ್ಲಿ ಮಾತ್ರ ಹದಿನಾರು ಪಿನ್ನು. ಹಳೆಯ ಒಳ್ಳೆಯ ಪವರ್ ಸಪ್ಲೈ (ಕಂಪ್ಯೂಟರಿನೊಳಗೆ ಕರೆಂಟು ಹಂಚುವ ಪೆಟ್ಟಿಗೆ) ಮನೆಯಲ್ಲಿದ್ದರೆ ಅದೇ ನಡೆಯುತ್ತದೆ ಅನ್ನುವುದು ಎಎಂಡಿಯ ಕಡೆಯ ದೊಡ್ಡ ಅನುಕೂಲ.

ಕನೆಕ್ಟರು ಹಾಕುವುದೂ ಒಂದು ಕೆಲಸವೇ. ನಾನು ಟಿಐ ಹಾಕಿದ ದಿನ ಕ್ಯಾಬಿನೆಟ್ಟನ್ನು ನೆಲದಲ್ಲಿ ಮಲಗಿಸಿದೆ. ಕಾರ್ಡು ಸ್ಲಾಟಿಗೆ ಇಳಿಸುವ ಮೊದಲೇ ಕೈಯಲ್ಲಿ ಹಿಡಿದು ತಂತಿ ಒತ್ತಿದೆ. ಮೊದಲ ಸಲ ಒಳಗೆ ಹೋದ ಹಾಗೆ ಅನಿಸಿತು, ಟಕ್ ಅನ್ನಲಿಲ್ಲ. ಮೊಬೈಲ್ ಟಾರ್ಚು ಅಡ್ಡಕ್ಕೆ ಹಿಡಿದರೆ ಕಾರ್ಡಿನ ಅಂಚಿಗೂ ಪ್ಲಗ್ಗಿಗೂ ನಡುವೆ ಉಗುರಿನಷ್ಟು ಬೆಳಕಿನ ಗೆರೆ. ಹೆಬ್ಬೆರಳು ನೋಯುವಷ್ಟು ಒತ್ತಿದ ಮೇಲೆ ಗೆರೆ ಮಾಯವಾಯಿತು. ಆ ಗೆರೆ ಪೂರ್ತಿ ಹೋಗುವವರೆಗೆ ಸ್ವಿಚ್ಚು ಹಾಕಬೇಡಿ. ತಂತಿಯನ್ನು ಕನೆಕ್ಟರಿನ ಬುಡದಲ್ಲೇ ಮಡಚಬೇಡಿ, ಮೂರು ನಾಲ್ಕು ಸೆಂಟಿಮೀಟರ್ ನೇರ ಬಿಡಿ. ಈ ಕನೆಕ್ಟರು 30 ಸಲ ಹಾಕಿ ತೆಗೆಯುವುದಕ್ಕೆ ಮಾತ್ರ ಲೆಕ್ಕ ಹಾಕಿದ್ದು, ಹಾಗಾಗಿ ಸುಮ್ಮಸುಮ್ಮನೆ ಬಿಚ್ಚುವ ಅಭ್ಯಾಸ ಬೇಡ.

ಮನೆಯ ಕರೆಂಟು

ಪವರ್ ಸಪ್ಲೈ 5090ಕ್ಕೆ 1000 ವಾಟು, 5080ಕ್ಕೆ 850, 5070 ಟಿಐ ಮತ್ತು 9070 ಎಕ್ಸ್‌ಟಿಗೆ 750 ಎಂದು ಕಂಪನಿಗಳೇ ಹೇಳುತ್ತವೆ. ಎಟಿಎಕ್ಸ್ 3.1 ಎಂದು ಬರೆದದ್ದನ್ನೇ ಕೊಳ್ಳಿ. ಇಂಥ ಕಾರ್ಡು ಕಣ್ಣುರೆಪ್ಪೆ ಹೊಡೆಯುವುದಕ್ಕಿಂತ ಕಡಿಮೆ ಹೊತ್ತು ತನ್ನ ಲೆಕ್ಕಕ್ಕಿಂತ ಬಹಳ ಜಾಸ್ತಿ ಎಳೆಯುವುದುಂಟು, ಅದನ್ನು ತಡೆಯುವ ಹಾಗೆ ಈ ನಿಯಮ ಮಾಡಿದ್ದಾರೆ. ಹದಿನಾರು ಪಿನ್ನಿನ ತಂತಿ ಅದರ ಜೊತೆಗೇ ಬರುತ್ತದೆ, ಅಡಾಪ್ಟರಿನ ರಗಳೆ ಇಲ್ಲ.

ತೋಟದ ಪಂಪುಗಳು ಒಟ್ಟಿಗೆ ಶುರುವಾಗುವ ಹೊತ್ತಿಗೆ ನಮ್ಮಲ್ಲಿ ವೋಲ್ಟೇಜು 180ಕ್ಕೆ ಇಳಿಯುವುದು ಹೊಸತಲ್ಲ. ಪವರ್ ಸಪ್ಲೈಯ ಬದಿಯ ಚೀಟಿ ಓದಿ. 100–240 ವೋಲ್ಟು ಎಂದಿದ್ದರೆ ಸರಿ. ಕಡಿಮೆ ಬೆಲೆಯ ಕೆಲವದರಲ್ಲಿ 200–240 ಎಂದಿರುತ್ತದೆ, ಅಂಥದ್ದು ನಮಗೆ ಆಗುವುದಿಲ್ಲ.

600 ವಿಎ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವಾಟು. 5080 ಒಂದೇ ಅಷ್ಟು ಎಳೆಯುತ್ತದೆ. ಕರೆಂಟು ಹೋದ ಕೂಡಲೇ ಯುಪಿಎಸ್ಸೂ ಬೀಳುತ್ತದೆ. 9070 ಆದರೂ ಪ್ರೊಸೆಸರು, ಪರದೆ ಸೇರಿ 1000 ವಿಎ ಬೇಕು. ಮನೆಯ ಇನ್ವರ್ಟರಿಗೆ ಹಾಕುವುದಾದರೆ ಅದು ಪ್ಯೂರ್ ಸೈನ್ ವೇವ್ ಇರಲಿ. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಹೊಸ ಪವರ್ ಸಪ್ಲೈಗಳು ಆಫ್ ಆಗುವುದುಂಟು.

ಅರ್ತಿಂಗ್ ನೋಡದವರೇ ಜಾಸ್ತಿ. ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ಟಿನ ಹಿಂದಿನ ಸ್ಕ್ರೂ ಮುಟ್ಟಿದಾಗ ಜುಂ ಅಂದರೆ ಅರ್ತಿಂಗ್ ಇಲ್ಲ ಎಂದೇ ತಿಳಿಯಿರಿ. ಪವರ್ ಸಪ್ಲೈಯ ಒಳಗಿನ ಫಿಲ್ಟರು ಸಣ್ಣ ಕರೆಂಟನ್ನು ಕ್ಯಾಬಿನೆಟ್ಟಿನ ಮೈಗೆ ಬಿಡುತ್ತದೆ, ಅದು ಭೂಮಿಗೆ ಇಳಿಯುವ ದಾರಿ ಸಿಗದೆ ನಿಮ್ಮ ಮೂಲಕ ಇಳಿಯುತ್ತದೆ. ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಗಟ್ಟಿಯಾದಾಗ ಚೆನ್ನಾಗಿದ್ದ ಅರ್ತಿಂಗ್ ಕೂಡ ಸೊರಗುತ್ತದೆ. ಅರ್ತಿಂಗ್ ಗುಂಡಿಗೆ ವಾರಕ್ಕೊಮ್ಮೆ ನಾಲ್ಕು ಕೊಡ ನೀರು ಹಾಕಿ. ಎಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರಿನ ಸಂಜೆ ಗುಡುಗು ಕೇಳಿದರೆ ಪ್ಲಗ್ಗು ಕಿತ್ತಿಡಿ, ಜೊತೆಗೆ ಮೋಡೆಮ್ಮಿನಿಂದ ಬರುವ ಲ್ಯಾನ್ ತಂತಿಯನ್ನೂ. ಸಿಡಿಲಿನ ಎದುರು ಇಷ್ಟು ನಂಬಬಹುದಾದ ಬೇರೆ ದಾರಿ ನನಗೆ ಗೊತ್ತಿಲ್ಲ.

ಬಿಲ್ಲಿನ ಲೆಕ್ಕ

ದಿನಕ್ಕೆ ನಾಲ್ಕು ಗಂಟೆ ಪೂರ್ತಿ ಜೋರಿನಲ್ಲಿ ಆಡಿದರೆ ಎರಡು ತಿಂಗಳಿಗೆ ಕಾರ್ಡು ಮಾತ್ರ ತಿನ್ನುವುದು: 5090 ಆದರೆ 138 ಯೂನಿಟ್, 5080ಕ್ಕೆ 86, 5070 ಟಿಐಗೆ 72, 9070 ಎಕ್ಸ್‌ಟಿಗೆ 73, 9070ಕ್ಕೆ 53.

ಕೇರಳದ ಬಿಲ್ಲಿನಲ್ಲಿ ಒಂದು ಮೆಟ್ಟಿಲು ಇದೆ. ಮನೆ ಬಳಕೆ ತಿಂಗಳಿಗೆ 250 ಯೂನಿಟ್‌ವರೆಗೆ ಹಂತ ಹಂತವಾಗಿ ದರ ಏರುತ್ತದೆ. ಮೊದಲ ಯೂನಿಟ್ಟುಗಳಿಗೆ ಕಡಿಮೆ, ಮುಂದಿನವಕ್ಕೆ ಜಾಸ್ತಿ. 250 ದಾಟಿದರೆ ಆ ಅನುಕೂಲ ಹೋಗುತ್ತದೆ, ಮೊದಲ ಯೂನಿಟ್ಟಿನಿಂದಲೇ ಎಲ್ಲದಕ್ಕೂ ಒಂದೇ ದೊಡ್ಡ ದರ. ಎರಡು ತಿಂಗಳ ಬಿಲ್ಲಿನಲ್ಲಿ ಆ ಮೆಟ್ಟಿಲು 500. ಮನೆಯಲ್ಲಿ ಈಗಲೇ 430 ಬರುತ್ತದೆ ಅಂತಿಟ್ಟುಕೊಳ್ಳಿ. 5080 ಸೇರಿದರೆ 516. ಟಿಐ ಸೇರಿದರೆ 502. 9070 ಆದರೆ 483, ಮೆಟ್ಟಿಲಿನ ಈಚೆ ಉಳಿಯಿತು.

ಹಾಗೆಂದು ಟಿಐ ಬಿಡಬೇಕಾಗಿಲ್ಲ. ಅಂಡರ್‌ವೋಲ್ಟ್ ಮಾಡಿ. ಎಂಎಸ್‌ಐ ಆಫ್ಟರ್‌ಬರ್ನರಿನಲ್ಲಿ ವೋಲ್ಟೇಜಿನ ಗೆರೆಯನ್ನು ಸ್ವಲ್ಪ ಎಡಕ್ಕೆ ತಂದು, ಅದೇ ವೇಗವನ್ನು ಕಡಿಮೆ ವೋಲ್ಟೇಜಿನಲ್ಲಿ ಓಡಿಸುವುದು. ನನ್ನದು ಈಗ 250 ವಾಟಿನಲ್ಲಿ ಓಡುತ್ತದೆ. ಎರಡು ತಿಂಗಳಿಗೆ 60 ಯೂನಿಟ್, ಮೇಲಿನ ಲೆಕ್ಕದಲ್ಲಿ 490. ಆಟದಲ್ಲಿ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ, ಕೋಣೆಯಲ್ಲಿ ಕಾಣುತ್ತದೆ. ಎಎಂಡಿಯಲ್ಲಿ ಅವರದೇ ಅಡ್ರಿನಲಿನ್ ತಂತ್ರಾಂಶದಲ್ಲಿ ಇದೇ ಕೆಲಸ ಇನ್ನೂ ಸುಲಭ. ಕಾರ್ಡು ಕಳಿಸುವಾಗ ಕಂಪನಿಯವರು ಕೊನೆಯ ಮೂರು ನಾಲ್ಕು ಫ್ರೇಮಿಗಾಗಿ ಬೇಕಾದ್ದಕ್ಕಿಂತ ಜಾಸ್ತಿ ವೋಲ್ಟೇಜು ಇಟ್ಟಿರುತ್ತಾರೆ. ಅದನ್ನು ವಾಪಸು ಕೊಡುವುದರಿಂದ ನಮಗೆ ಲಾಭವೇ.

ತೇವ, ಧೂಳು, ಅಡಕೆ

ಪೆರ್ಲದ ಅತ್ತೆಯ ಮಗನ ಹಳೆಯ ಕಂಪ್ಯೂಟರನ್ನು ಕಳೆದ ವರ್ಷ ಬಿಚ್ಚಿದೆವು. ಮುಂದಿನ ಜಾಳಿಗೆ ತೆಗೆದಾಗ ಬೂದು ಬಣ್ಣದ ಚಾಪೆಯ ಹಾಗೆ ಒಂದು ಪದರ ಎದ್ದು ಬಂತು. ಬೆರಳಲ್ಲಿ ಉಜ್ಜಿದರೆ ಪುಡಿಯಾಗಲಿಲ್ಲ, ಅಂಟಿಕೊಂಡಿತು. ಅಂಗಳದಲ್ಲಿ ಚಾಲಿ ಅಡಕೆ ಒಣಗುತ್ತದೆ, ಪಕ್ಕದ ಕೊಟ್ಟಿಗೆಯಲ್ಲಿ ಸುಲಿಯುವ ಯಂತ್ರ. ಸಿಪ್ಪೆಯ ನಾರು, ಕೆಂಪು ಮಣ್ಣು, ಮಳೆಗಾಲದ ತೇವ ಮೂರೂ ಸೇರಿ ಕಾರ್ಡಿನ ತಗಡಿನ ಎಲೆಗಳ ನಡುವೆ ಕೂತಿದ್ದವು. ಪೈಂಟಿನ ಬ್ರಶ್ಶು, ಗಾಳಿ ಊದುವ ಯಂತ್ರ, ಒಂದು ಗಂಟೆ ಕೆಲಸ. ಆಮೇಲೆ ಅದೇ ಆಟದಲ್ಲಿ 11 ಡಿಗ್ರಿ ಇಳಿಯಿತು.

ಹಾಗಾಗಿ ಎಲೆಗಳು ಬಹಳ ಒತ್ತೊತ್ತಾಗಿರುವ ಕೂಲರಿಗಿಂತ ಸ್ವಲ್ಪ ಬಿಡಿಬಿಡಿಯಾಗಿರುವ ದೊಡ್ಡ ಕೂಲರು ನಮಗೆ ಒಳ್ಳೆಯದು. ಏಸಸ್ ಟಫ್ 50 ಸರಣಿಯಲ್ಲಿ ಬೋರ್ಡಿನ ಮೇಲೆ ತೇವ, ಧೂಳು ತಡೆಯುವ ಲೇಪ ಇದೆ. ಕಡಲ ಹತ್ತಿರದ ಮಂಜೇಶ್ವರ, ಕುಂಬಳೆಯವರಿಗೆ ನಾನು ಇದನ್ನು ವಿಶೇಷವಾಗಿ ಹೇಳುತ್ತೇನೆ. ಉಪ್ಪಿನ ಗಾಳಿ ಸ್ಕ್ರೂಗಳನ್ನು ಒಂದೇ ವರ್ಷದಲ್ಲಿ ಕಂದು ಮಾಡುತ್ತದೆ. ತುಕ್ಕು, ಇರುವೆ, ಹಲ್ಲಿಯಿಂದಾದ ಹಾನಿ ವಾರಂಟಿಯಲ್ಲಿ ಬರುತ್ತದಾ ಎಂದು ಷರತ್ತು ಓದಿ, ಸಾಮಾನ್ಯವಾಗಿ ಬರುವುದಿಲ್ಲ. ಹಿಂದೆ ಖಾಲಿ ಇರುವ ಸ್ಲಾಟುಗಳ ಮುಚ್ಚಳ ತೆಗೆದಿಡಬೇಡಿ, ಹಲ್ಲಿ ಒಳಗೆ ಹೋಗುವುದು ಅಲ್ಲಿಂದಲೇ. ಮಳೆಗಾಲದಲ್ಲಿ ಆಡದಿದ್ದರೂ ಎರಡು ದಿನಕ್ಕೊಮ್ಮೆ ಅರ್ಧ ಗಂಟೆ ಓಡಿಸಿ. ಬೆಚ್ಚಗಿದ್ದಲ್ಲಿ ತೇವ ಕೂರುವುದಿಲ್ಲ.

ಯಾರಿಗೆ ಯಾವುದು

ಪೆರ್ಲದ ಅತ್ತೆಯ ಮಗನಿಗೆ 9070 ಹೇಳಿದೆ. ಏಸಿ ಇಲ್ಲ, ಪರದೆ 1440ಪಿ (4ಕೆಗಿಂತ ಕಡಿಮೆ ಚುಕ್ಕಿಗಳದ್ದು), ಮನೆಯ ಬಿಲ್ಲು ಮೆಟ್ಟಿಲಿನ ಹತ್ತಿರ. ಎಕ್ಸ್‌ಟಿಗಿಂತ ವೇಗ ಸುಮಾರು ಹತ್ತನೇ ಒಂದು ಪಾಲು ಕಡಿಮೆ, ಬಿಸಿ 84 ವಾಟು ಕಡಿಮೆ. ಈ ಐದರಲ್ಲಿ ನಮ್ಮ ಹವೆಗೆ ಹೇಳಿ ಮಾಡಿಸಿದ ಹಾಗೆ ಇರುವುದು ಇದೇ, ಆದರೂ ಜನ ಇದನ್ನು ದಾಟಿ ಮುಂದೆ ಹೋಗುವುದು ನನಗೆ ಬೇಸರದ ಸಂಗತಿ.

ಉಪ್ಪಳದ ಹುಡುಗನಿಗೆ 5070 ಟಿಐ, ಮೂರು ಫ್ಯಾನಿನದ್ದು. ಅವನ ಎಡಿಟಿಂಗ್ ತಂತ್ರಾಂಶಕ್ಕೆ ಎನ್ವಿಡಿಯಾದ CUDA (ಲೆಕ್ಕದ ಕೆಲಸವನ್ನು ಕಾರ್ಡಿನಿಂದ ಮಾಡಿಸುವ ಏರ್ಪಾಡು) ಮತ್ತು ವಿಡಿಯೋ ಎನ್‌ಕೋಡರ್ ಉಪಯೋಗಕ್ಕೆ ಬರುತ್ತವೆ. ಕುಂಬಳೆಯ ಗೆಳೆಯ 4ಕೆ ಟಿವಿಯಲ್ಲಿ ಆಡುತ್ತಾನೆ, ಒಂದೂವರೆ ಟನ್ನಿನ ಏಸಿ ಇದೆ. ಅವನಿಗೆ 5080 ಸರಿ. ಆದರೂ ಟಿಐ ತೆಗೆದುಕೊಂಡು ಉಳಿದ ದುಡ್ಡನ್ನು ಗಾಳಿಯಾಡುವ ಕ್ಯಾಬಿನೆಟ್ಟಿಗೂ ಒಳ್ಳೆಯ ಪವರ್ ಸಪ್ಲೈಗೂ ಹಾಕು ಎಂದೇ ನನ್ನ ಒಲವು. ಎಂಟು ಪಿನ್ನಿನ ಹಳೆಯ ಪವರ್ ಸಪ್ಲೈ ಇರುವವರಿಗೆ, ಆಟ ಮಾತ್ರ ಆಡುವವರಿಗೆ 9070 ಎಕ್ಸ್‌ಟಿ. 5090 ಬೇಕಾಗುವುದು 32 ಜಿಬಿ ಮೆಮೊರಿ ನಿಜವಾಗಿ ತುಂಬುವ ತ್ರೀಡಿ, ಎಐ ಕೆಲಸದವರಿಗೆ. ಅವರೂ ಮಿತಿಯನ್ನು 450 ವಾಟಿಗೆ ಇಳಿಸಿಡಲಿ. ಪಿನ್ನಿನ ಕರೆಂಟು ಆಗ 6.3 ಆಂಪಿಯರಿಗೆ ಬರುತ್ತದೆ.

ಮಂಗಳೂರಿಗೆ ಹೋಗಿ ಕೊಳ್ಳುವುದಾದರೆ ಬರುವ ದಾರಿಯ ಬಗ್ಗೆ ಯೋಚಿಸಿ. ಜೋಡಿಸಿದ ಕಂಪ್ಯೂಟರನ್ನು ನಿಲ್ಲಿಸಿಕೊಂಡು ತಲಪಾಡಿ ದಾಟಿ 50 ಕಿಲೋಮೀಟರ್ ತಂದರೆ ಎರಡು ಕಿಲೋದ ಕಾರ್ಡು ಸ್ಲಾಟಿನಲ್ಲಿ ಜಗ್ಗುತ್ತಲೇ ಬರುತ್ತದೆ. ಕಾರ್ಡನ್ನು ಬೇರೆ ಪೆಟ್ಟಿಗೆಯಲ್ಲಿ ತನ್ನಿ, ಮನೆಯಲ್ಲಿ ಹಾಕಿ. ಬಿಲ್ಲಿನಲ್ಲಿ ಸೀರಿಯಲ್ ನಂಬರು ಬರೆಸಿ. ರಿಪೇರಿಗೆ ಯಾವ ಊರಿಗೆ ಕಳಿಸಬೇಕು, ಕೊರಿಯರ್ ಖರ್ಚು ಯಾರದ್ದು ಎಂದು ಅಂಗಡಿಯಲ್ಲೇ ಕೇಳಿ.

ಮನೆಗೆ ಬಂದ ಮೊದಲ ವಾರದೊಳಗೆ ಒಂದು ಮಧ್ಯಾಹ್ನ, ಮೂರು ಗಂಟೆಯ ಸೆಕೆಗೆ, ಕಿಟಕಿ ತೆಗೆದು ಒಂದು ಭಾರದ ಆಟವನ್ನು ಎರಡು ಗಂಟೆ ಓಡಿಸಿ. ಕಾರ್ಡಿನ ಬಿಸಿ, ಮೆಮೊರಿಯ ಬಿಸಿ, ಫ್ಯಾನಿನ ವೇಗ, ವಾಟು ನಾಲ್ಕನ್ನೂ ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ಟಿನ ಬದಿಗೆ ಅಂಟಿಸಿ, ಆ ದಿನದ ಕೋಣೆಯ ಬಿಸಿಯನ್ನೂ ಸೇರಿಸಿ. ಮುಂದಿನ ವರ್ಷ ಅಡಕೆ ಸುಲಿದು ಮುಗಿದ ಮೇಲೆ ಅದೇ ಪರೀಕ್ಷೆ ಮಾಡಿ. ಕೋಣೆಯ ಬಿಸಿ ಕಳೆದು ಉಳಿದ ಅಂಕೆ ಐದಾರು ಡಿಗ್ರಿ ಏರಿದ್ದರೆ ಬ್ರಶ್ಶು ಹಿಡಿಯುವ ಹೊತ್ತು ಬಂದಿದೆ.